ತಂತಿ ಇಲ್ಲದ ಪಟ್ಟಿಯ ಸಾಕ್ಷಿ

‘ಗಾಮಾ ದೂರದರ್ಶಕದಲ್ಲಿ ಸಿಲಿಕಾನ್ ಪಟ್ಟಿಗಳನ್ನು 242 ಮೈಕ್ರಾನ್‌ಗೊಂದರಂತೆ ಓದುತ್ತಾರಂತೆ. ಆದರೂ ಕಣ ಹಾದುಹೋದ ಜಾಗವನ್ನು 40 ಮೈಕ್ರಾನ್‌ನಷ್ಟು ಕರಾರುವಾಕ್ಕಾಗಿ ಹೇಳುತ್ತಾರಂತೆ. ನಂಬಬಹುದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಧಾರಾಳವಾಗಿ ನಂಬಬಹುದು. 2007ರ ಏಪ್ರಿಲ್ 23ರಂದು ಶ್ರೀಹರಿಕೋಟದಿಂದ ನಮ್ಮ ಪಿಎಸ್‌ಎಲ್‌ವಿ ಹೊತ್ತೊಯ್ದ ಇಟಲಿಯ ‘ಅಜೈಲ್’ ಉಪಗ್ರಹ ಮಾಡಿದ್ದು ಇದನ್ನೇ.

ಗಾಮಾ ಕಿರಣ ಟಂಗ್‌ಸ್ಟನ್ ಹಾಳೆಯಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ, ಆ ಜೋಡಿಯ ಜಾಡನ್ನು ಸಿಲಿಕಾನ್ ಪದರಗಳು ಹಿಡಿಯುತ್ತವೆ. ಇಷ್ಟು ಹಲವರಿಗೆ ಗೊತ್ತು. ಆದರೆ ಪಟ್ಟಿಗಳ ಅಂತರವೇ ಉಪಕರಣದ ನಿಖರತೆ ಎಂಬ ತಪ್ಪು ಕಲ್ಪನೆ ಎಂಜಿನಿಯರಿಂಗ್ ಓದಿದವರನ್ನೂ ಬಿಟ್ಟಿಲ್ಲ. ಪಟ್ಟಿ ಬರೀ ‘ಹೌದು, ಇಲ್ಲ’ ಎಂದರೂ ಸರಾಸರಿ ದೋಷ ಅಂತರಕ್ಕಿಂತ ಕಡಿಮೆ. ಅಂತರವನ್ನು 12ರ ವರ್ಗಮೂಲದಿಂದ ಭಾಗಿಸಿ ನೋಡಿ: 242 ಇದ್ದದ್ದು 70ಕ್ಕೆ ಇಳಿಯುತ್ತದೆ.

70ರಿಂದ 40ಕ್ಕೆ ಇಳಿಯುವ ಉಳಿದ ದಾರಿಯಲ್ಲೇ ಸೊಗಸಿರುವುದು. ಅಜೈಲ್‌ನ ಸಿಲಿಕಾನಿನ ಮೇಲೆ ಪಟ್ಟಿಗಳಿದ್ದದ್ದು 121 ಮೈಕ್ರಾನಿಗೊಂದು. ತಂತಿ ಜೋಡಿಸಿದ್ದು ಮಾತ್ರ ಒಂದು ಬಿಟ್ಟು ಒಂದಕ್ಕೆ, ಏಕೆಂದರೆ ಪ್ರತಿಯೊಂದು ಚಾನೆಲ್ಲೂ ವಿದ್ಯುತ್ ಬೇಡುತ್ತದೆ, 352 ಕಿಲೋ ತೂಕದ ಪುಟ್ಟ ಉಪಗ್ರಹದಲ್ಲಿ ವಿದ್ಯುತ್ತಿಗೆ ಬರ. ಹಾಗೆಂದು ತಂತಿ ಇಲ್ಲದ ನಡುವಿನ ಪಟ್ಟಿ ಸುಮ್ಮನೆ ಕೂರುವುದಿಲ್ಲ. ತನ್ನ ಮೇಲೆ ಬಿದ್ದ ಚಾರ್ಜಿನ ಪ್ರಭಾವವನ್ನು ಎರಡೂ ಪಕ್ಕದವರಿಗೆ ಹೆಚ್ಚುಕಡಿಮೆ ಸಮನಾಗಿ ದಾಟಿಸುತ್ತದೆ. ಒಗ್ಗರಣೆಯ ಘಾಟು ಎಡಮನೆಗೂ ಬಲಮನೆಗೂ ಒಂದೇ ಸಮ ಬಡಿದರೆ ಬಾಣಲೆ ನಡುಮನೆಯಲ್ಲಿದೆ ಎಂದು ತಿಳಿಯುವುದಿಲ್ಲವೇ? ಅಜೈಲ್‌ನ ಎಲೆಕ್ಟ್ರಾನಿಕ್ಸ್ ಘಾಟು ಇದೆ, ಇಲ್ಲ ಎನ್ನದೆ ಎಷ್ಟಿದೆ ಎಂದು ಅಳೆಯುತ್ತಿತ್ತು. ಅರ್ಧದಷ್ಟೇ ತಂತಿಯಲ್ಲಿ ದೋಷ 40 ಮೈಕ್ರಾನಿಗೆ ಇಳಿದದ್ದು ಹೀಗೆ. ಇಷ್ಟು ಜಾಣ ಮಿತವ್ಯಯ ನನಗೆ ಬೇರೆ ಉಪಕರಣಗಳಲ್ಲಿ ಕಂಡದ್ದು ಅಪರೂಪ.

ಆ 40ನ್ನು ಅಳೆದದ್ದಾದರೂ ಹೇಗೆ? ಹಾರುವ ಮೊದಲೇ ಪದರಗಳನ್ನು ಸಾಲಾಗಿ ನಿಲ್ಲಿಸಿ, ಸೆರ್ನ್‌ನಲ್ಲಿ ವೇಗದ ಕಣಗಳ ಧಾರೆಗೆ ಒಡ್ಡಿದರು. ಪರೀಕ್ಷೆಗೆ ಒಳಪಟ್ಟ ಪದರವನ್ನು ಲೆಕ್ಕದಿಂದ ಹೊರಗಿಟ್ಟು, ಉಳಿದ ಪದರಗಳ ಬಿಂದುಗಳಿಂದ ನೇರ ಗೆರೆ ಎಳೆಯಬೇಕು. ಗೆರೆ ತೋರಿಸುವ ಜಾಗಕ್ಕೂ ಪದರ ಹೇಳುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಸಾವಿರಾರು ಕಣಗಳಿಗೆ ಲೆಕ್ಕ ಹಾಕಿದರೆ, ಆ ವ್ಯತ್ಯಾಸಗಳ ಹರವಿನಲ್ಲಿ ದೋಷ ಸಿಗುತ್ತದೆ. ಪದರವನ್ನು ಹೊರಗಿಡದಿದ್ದರೆ ಅದು ಗೆರೆಯನ್ನು ತನ್ನತ್ತ ಎಳೆದುಕೊಂಡು ತನಗೆ ತಾನೇ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತದೆ. ಗೆರೆಗೂ ತನ್ನದೇ ದೋಷವುಂಟು, ಅದನ್ನೂ ಕಳೆಯಬೇಕು. ಈ ಕಳೆಯುವ ಲೆಕ್ಕವನ್ನು ಮರೆತವರು ಒಳ್ಳೆಯ ಪದರವನ್ನೂ ಕೆಟ್ಟದ್ದೆಂದು ಜರಿಯುತ್ತಾರೆ.

ಹಾಗಾದರೆ ಪಟ್ಟಿಗಳನ್ನು ಇನ್ನೂ ಒತ್ತೊತ್ತಾಗಿ ಕೂರಿಸಿದರೆ ಆಕಾಶದ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆಯೇ? ಗಾಮಾ ಕಿರಣದ ಶಕ್ತಿ ತೀರಾ ಹೆಚ್ಚಿದ್ದರೆ ಹೌದು. ಆದರೆ 100 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲಿ, ಹುಟ್ಟಿದ ಜೋಡಿಯು ಟಂಗ್‌ಸ್ಟನ್ನಿನೊಳಗೇ ಅಡ್ಡಾದಿಡ್ಡಿಯಾಗಿ ಬಾಗಿಬಿಡುತ್ತದೆ. ಜಾಗ 40 ಮೈಕ್ರಾನಿಗೆ ಸಿಕ್ಕರೂ ಕಿರಣ ಬಂದ ದಿಕ್ಕು ಕೆಲವು ಡಿಗ್ರಿಗಳಷ್ಟು ತಪ್ಪುತ್ತದೆ. ಆಗ ದೋಷ ಟಂಗ್‌ಸ್ಟನ್ ಹಾಳೆಯದು, ಪಟ್ಟಿಗಳದ್ದಲ್ಲ.