ತಮಟೆಗೇಕೆ ಬೆಂಕಿಯ ಕಾವು?

ಮಕ್ಕಳೇ, ಬಸವಾಪಟ್ಟಣದ ಕಡೆ ಜಾತ್ರೆ ಎಂದರೆ ಡೊಳ್ಳು, ತಮಟೆಗಳ ಸದ್ದು ಇರಲೇಬೇಕು. ಬಾರಿಸುವ ಮೊದಲು ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುವುದನ್ನು ನೀವು ನೋಡಿರಬಹುದು. ಏಕೆ ಗೊತ್ತೇ?

ಕೋಲಿನ ಪೆಟ್ಟು ಬಿದ್ದಾಗ ತಮಟೆಯ ಚರ್ಮ ಹಿಂದಕ್ಕೂ ಮುಂದಕ್ಕೂ ಅದುರುತ್ತದೆ. ಇದೇ ಕಂಪನ. ಅದರೊಂದಿಗೆ ಪಕ್ಕದ ಗಾಳಿಯೂ ಕಂಪಿಸುತ್ತದೆ. ಈ ಶಬ್ದದ ಅಲೆಗಳು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಬಂದು ನಮ್ಮ ಕಿವಿಯ ತಮಟೆಯನ್ನೂ ಅದುರಿಸುತ್ತವೆ!

ತೇವ ಹೀರಿದ ಚರ್ಮ ಸಡಿಲವಾಗುತ್ತದೆ, ನಿಧಾನವಾಗಿ ಕಂಪಿಸುತ್ತದೆ. ಆಗ ಸದ್ದು ಮಂದ. ಕಾಯಿಸಿದಾಗ ತೇವ ಆರಿ ಚರ್ಮ ಬಿಗಿಯಾಗುತ್ತದೆ, ಸೆಕೆಂಡಿಗೆ ಹೆಚ್ಚು ಸಲ ಕಂಪಿಸುತ್ತದೆ. ಧ್ವನಿಯ ಸ್ಥಾಯಿ ಏರಿ ಸದ್ದು ಗಡುಸಾಗುತ್ತದೆ. ಡೊಳ್ಳಿನ ಹಗ್ಗ ಎಳೆದು ಕಟ್ಟುವುದೂ, ವೀಣೆಯ ಬಿರಡೆ ತಿರುಗಿಸುವುದೂ ಹೀಗೆ ಬಿಗಿಯನ್ನು ಹೊಂದಿಸಲೆಂದೇ.

ಮಾಡಿ ನೋಡಿ: ಲೋಟದ ಬಾಯಿಗೆ ಒಡೆದ ಬಲೂನಿನ ತುಂಡು ಹೊದಿಸಿ, ರಬ್ಬರ್ ಬ್ಯಾಂಡ್ ಹಾಕಿ. ಮೇಲೆ ನಾಲ್ಕು ರಾಗಿ ಕಾಳು ಇಟ್ಟು ಅಂಚಿನಲ್ಲಿ ಮೆಲ್ಲಗೆ ತಟ್ಟಿ. ಕಾಳುಗಳು ಕುಣಿದವೇ? ಈಗ ಬಲೂನನ್ನು ಇನ್ನಷ್ಟು ಎಳೆದು ಬಿಗಿ ಮಾಡಿ ತಟ್ಟಿ. ಸದ್ದು ಹೇಗೆ ಬದಲಾಯಿತು?

ಇನ್ನೊಂದು ಪ್ರಯೋಗ. ನಾಳೆ ಶಾಲೆಯ ಗಂಟೆ ಬಾರಿಸಿದ ಕೂಡಲೇ ಅದರ ಮೇಲೆ ಅಂಗೈ ಇಡಿ. ಕಂಪನ ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ!