ಎಚ್ಚರದ ನೆಲೆ

ಬೆನ್ನುಹುರಿಯು ತಲೆಬುರುಡೆಯ ತಳದ ರಂಧ್ರವನ್ನು ಹಾಯ್ದು ಮಹಾಮಸ್ತಿಷ್ಕವನ್ನು ಮುಟ್ಟುವುದಕ್ಕೆ ಮೊದಲು 7–8 ಸೆಂಟಿಮೀಟರು ಉದ್ದದ ಒಂದು ಕಾಂಡದ ರೂಪವನ್ನು ತಾಳುತ್ತದೆ. ಕೆಳಗಿನಿಂದ ಮೇಲಕ್ಕೆ ಮೆಡುಲ್ಲ, ಪಾನ್ಸ್, ಮಧ್ಯಮಿದುಳು ಎಂದು ಅದರಲ್ಲಿ ಮೂರು ಭಾಗಗಳನ್ನು ಗುರುತಿಸುವುದು ವಾಡಿಕೆ. ಸ್ಮೃತಿ, ವಾಕ್ಕು, ವಿವೇಚನೆ ಮೊದಲಾದ ಉದಾತ್ತ ವ್ಯಾಪಾರಗಳೆಲ್ಲ ಮೇಲಿನ ಸುಕ್ಕುಗಟ್ಟಿದ ತೊಗಟೆಗೆ ಸೇರಿದವೆಂದು ಬಹುಕಾಲದಿಂದ ಕೇಳುತ್ತ ಬಂದಿರುವ ನಮಗೆ, ಈ ಕಾಂಡವು ಸುದ್ದಿಯನ್ನು ಏರಿಸಿ ಇಳಿಸುವ ತಂತುಗಳ ಕಟ್ಟಲ್ಲದೆ ಬೇರೇನೂ ಅಲ್ಲವೆಂದು ತೋರುವುದು ಸಹಜ. ಆದರೆ ಅದರೊಳಗೆ, ಪ್ರಸಿದ್ಧ ನರಕೇಂದ್ರಗಳೂ ದಪ್ಪನೆಯ ತಂತುಪಥಗಳೂ ಬಿಟ್ಟುಕೊಟ್ಟ ಎಡೆಯನ್ನೆಲ್ಲ ತುಂಬಿಕೊಂಡು, ಮೆಡುಲ್ಲದಿಂದ ಮಧ್ಯಮಿದುಳಿನವರೆಗೂ ಹಬ್ಬಿರುವ ಒಂದು ಅಂಗಾಂಶವಿದೆ. ಅದನ್ನು ಜಾಲರಚನೆ ಎನ್ನುತ್ತಾರೆ. ನಾವು ಎಚ್ಚರವಾಗಿರುವುದು ಅದರ ದುಡಿಮೆಯಿಂದ.

ಈ ಜಾಲವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಮನಸ್ಸಿಟ್ಟು ನೋಡಿದ ಮೊದಲಿಗರಲ್ಲಿ ಜರ್ಮನಿಯ ಬಾನ್ ನಗರದ ಓಟ್ಟೊ ಡೈಟರ್ಸ್ ಒಬ್ಬನು. ಹದಗೊಳಿಸಿದ ಮಿದುಳಿನ ಚೂರಿನಿಂದ ಒಂದೊಂದೇ ನರಕೋಶವನ್ನು, ಅದರ ಕವಲುಗಳು ಹರಿಯದಂತೆ, ಸೂಜಿಯ ಮೊನೆಯಿಂದ ಬಿಡಿಸಿ ತೆಗೆಯಬಲ್ಲ ಕೈಚಳಕ ಅವನದು. ಮೂವತ್ತು ತುಂಬುವ ಮೊದಲೇ, 1863ರಲ್ಲಿ, ಅವನು ತೀರಿಕೊಂಡನು. ಬಿಟ್ಟುಹೋದ ಬರೆಹಗಳನ್ನು ಮ್ಯಾಕ್ಸ್ ಶುಲ್ಟ್ಸೆ ಎಂಬ ವಿದ್ವಾಂಸನು 1865ರಲ್ಲಿ ಗ್ರಂಥರೂಪಕ್ಕೆ ತಂದನು. ಅನಂತರ ಬಹುಕಾಲ ಈ ಪ್ರದೇಶಕ್ಕೆ ಹೇಳಿಕೊಳ್ಳುವಂಥ ಮರ್ಯಾದೆ ದೊರೆಯಲಿಲ್ಲ. ಅಂಗರಚನಾಶಾಸ್ತ್ರಜ್ಞರಿಗೆ ಗಡಿ ಸ್ಪಷ್ಟವಾಗಿರುವ ವಸ್ತುವಿನ ಮೇಲೆ ಮಮತೆ ಹೆಚ್ಚು. ಇಲ್ಲಿಯೋ ದೊಡ್ಡ ಕೋಶ ಸಣ್ಣ ಕೋಶಗಳು ಕಲಸಿಕೊಂಡು, ಅಡ್ಡ ಉದ್ದ ಹರಿಯುವ ಎಳೆಗಳಲ್ಲಿ ಸಿಕ್ಕಿಕೊಂಡು, ಗೆರೆ ಎಳೆದು ಹೆಸರಿಡಲು ಎಡೆಗೊಡುತ್ತಿರಲಿಲ್ಲ. ನಡುಗೆರೆಯ ಉದ್ದಕ್ಕೂ ಒಂದು ಸಾಲು, ಅದರ ಇಕ್ಕೆಲದಲ್ಲಿ ದೈತ್ಯಕೋಶಗಳ ಪಟ್ಟಿ, ಅದಕ್ಕೂ ಹೊರಗೆ ಕಿರುಕೋಶಗಳ ಪಟ್ಟಿ ಎಂಬಷ್ಟು ಸ್ಥೂಲವಾದ ವಿಂಗಡಣೆಯನ್ನು ಮಾತ್ರ ಇಂದು ಎಲ್ಲರೂ ಒಪ್ಪುತ್ತಾರೆ.

ಪ್ರಾಣಿಯೊಂದು ಎಚ್ಚರವಾಗಿರುವುದು ಏತರಿಂದ? ಕಣ್ಣು, ಕಿವಿ, ಚರ್ಮಗಳಿಂದ ಎಡೆಬಿಡದೆ ಬರುವ ಸಂವೇದನೆಗಳು ಮಿದುಳನ್ನು ತಟ್ಟುತ್ತಿರುವವರೆಗೆ ಎಚ್ಚರ, ಅವು ನಿಂತರೆ ನಿದ್ರೆ ಎಂಬ ಉತ್ತರ ಬಹಳ ಸಮಂಜಸವಾಗಿ ತೋರುತ್ತದೆ. 1935ರಲ್ಲಿ ಬ್ರಸೆಲ್ಸಿನ ಫ್ರೆಡೆರಿಕ್ ಬ್ರೆಮರ್ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೇ ಒತ್ತಾಸೆಯಾದಂತಿದ್ದವು. ಮೆಡುಲ್ಲ ಮುಗಿದು ಬೆನ್ನುಹುರಿ ತೊಡಗುವಲ್ಲಿ ಕತ್ತರಿಸಿದರೆ ಬೆಕ್ಕಿನ ಮಿದುಳು ಮಲಗುತ್ತಲೂ ಏಳುತ್ತಲೂ ಇತ್ತು. ಮಧ್ಯಮಿದುಳಿನ ಮಟ್ಟದಲ್ಲಿ ಕತ್ತರಿಸಿದರೆ ಪಾಪೆಗಳು ಕಿರಿದಾದ ಸೀಳುಗಳಾಗಿ, ಮಿದುಳಿನ ವಿದ್ಯುತ್ತರಂಗಗಳು ಗಾಢನಿದ್ರೆಯವಾಗಿ, ಹಾಗೆಯೇ ಉಳಿಯುತ್ತಿದ್ದವು. ಎರಡನೆಯ ಕಡಿತವು ಮುಖದ ಮತ್ತು ಕಿವಿಯ ಸುದ್ದಿಯನ್ನೂ ತಡೆದುದರಿಂದ ನಿದ್ರೆ ಬಂತೆಂದು ಬ್ರೆಮರ್ ತೀರ್ಮಾನಿಸಿದನು. ಅದೇ ಕತ್ತರಿಯು ಇನ್ನೇನನ್ನು ಕತ್ತರಿಸಿತೆಂಬುದು ಅಂದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಅದು ಹೊರಬಿದ್ದುದು ಷಿಕಾಗೋದಲ್ಲಿ. ಇಟಲಿಯಿಂದ ಬಂದಿದ್ದ ಜುಸೆಪ್ಪೆ ಮೊರುಟ್ಸಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಹೊರೇಸ್ ಮಗೂನ್ ಇಬ್ಬರೂ ಹುಡುಕುತ್ತಿದ್ದುದು ಬೇರೊಂದನ್ನು: ಚಲನೆಯನ್ನು ಕಿರುಮಿದುಳು ಹೇಗೆ ಹದ್ದಿನಲ್ಲಿಡುವುದೆಂಬುದನ್ನು. ಕ್ಲೋರಲೋಸಿನ ಹಗುರವಾದ ಅಮಲಿನಲ್ಲಿ ಬೆಕ್ಕು ಮಲಗಿತ್ತು. ಅದರ ಮಿದುಳಿನ ತರಂಗಗಳು ಎತ್ತರವಾಗಿಯೂ ನಿಧಾನವಾಗಿಯೂ ಕಾಗದದ ಮೇಲೆ ಮೂಡುತ್ತಿದ್ದವು. ಕಾಂಡದ ಜಾಲದೊಳಗೆ ಇಳಿಸಿದ್ದ ಸೂಜಿಯ ಮೂಲಕ, ಸೆಕೆಂಡಿಗೆ ನೂರಾರು ಸಲ ಮಿಡಿಯುವ ಅತ್ಯಲ್ಪ ವಿದ್ಯುತ್ತನ್ನು ಹರಿಸುತ್ತಲೇ, ಲೇಖನಿಯ ಗೆರೆ ಮಟ್ಟಸವಾಗಿಬಿಟ್ಟಿತು. ಗೆರೆ ಸತ್ತಿತೇ? ಯಂತ್ರದ ವರ್ಧನಶಕ್ತಿಯನ್ನು ಹೆಚ್ಚಿಸಿ ನೋಡಲಾಗಿ, ಮಟ್ಟಸವಾಗಿ ಕಂಡುದು ನಿಜಕ್ಕೂ ಅತಿ ಸಣ್ಣ, ಅತಿ ಶೀಘ್ರ ತರಂಗಗಳ ಸಾಲಾಗಿತ್ತು. ಕಣ್ಣು ತೆರೆದು ಜಾಗರೂಕವಾಗಿರುವ ಪ್ರಾಣಿಯಲ್ಲಿ ಕಾಣತಕ್ಕ ತರಂಗಗಳೇ ಅವು. ಯಾವ ಶಬ್ದವೂ ಇಲ್ಲದೆ, ಯಾವ ಸ್ಪರ್ಶವೂ ಇಲ್ಲದೆ, ಮಿದುಳು ಎಚ್ಚತ್ತಿತ್ತು. 1949ರಲ್ಲಿ ಅವರ ಲೇಖನ ಪ್ರಕಟವಾಯಿತು. ಸಂವೇದನೆಯ ಪಥಗಳು ಕಾಂಡದ ಅಂಚಿನಲ್ಲಿ ಹಾದುಹೋಗುತ್ತವೆ, ಜಾಲವು ನಡುವಿನಲ್ಲಿದೆ. ಲಿಂಡ್ಸ್ಲಿ ಎಂಬುವನು ಮಗೂನನೊಡನೆ ಸೇರಿ ಅಂಚನ್ನು ಮಾತ್ರ ಕೆಡಿಸಿದಾಗ ಬೆಕ್ಕು ಎಚ್ಚರವಾಗಿಯೇ ಇತ್ತು, ನಡುವನ್ನು ಕೆಡಿಸಿದಾಗ ಸುದ್ದಿಯ ದಾರಿಗಳೆಲ್ಲ ತೆರೆದಿದ್ದರೂ ಏಳಲಿಲ್ಲ. ಸುದ್ದಿ ಬಂದುದರಿಂದ ಎಚ್ಚರವಲ್ಲ. ಎಚ್ಚರವಿದ್ದುದರಿಂದ ಸುದ್ದಿ ಎಂದು ವಾದದ ಕ್ರಮವೇ ತಿರುಗಿತು.

ಇದಕ್ಕೆ ತಕ್ಕಂತೆಯೇ ಈ ಕೋಶಗಳ ಕಟ್ಟಣೆಯೂ ಇದೆ. 1950ರ ದಶಕದಲ್ಲಿ ಶೈಬೆಲ್ ದಂಪತಿಗಳು ಮರಿಪ್ರಾಣಿಗಳ ಮಿದುಳಿಗೆ ಬೆಳ್ಳಿಯ ಬಣ್ಣ ಹಿಡಿಸಿ ನೋಡಿದಾಗ, ಒಂದೇ ಕೋಶದ ತಂತು ಎರಡಾಗಿ ಕವಲೊಡೆದು, ಒಂದು ಕವಲು ಥೆಲಮಸ್ಸಿನತ್ತ ಏರಿ, ಇನ್ನೊಂದು ಬೆನ್ನುಹುರಿಗೆ ಇಳಿದುದು ಕಂಡಿತು. ಊರ ಅರಳಿಕಟ್ಟೆಯಂತೆ ಅಲ್ಲಿಗೆ ಎಲ್ಲ ದಿಕ್ಕಿನ ವರ್ತಮಾನವೂ ಬರುತ್ತದೆ. ನೋವೋ, ಸದ್ದೋ, ಬೆಳಕೋ ಎಂಬ ವಿವರ ಬೆರಕೆಯಲ್ಲಿ ಅಳಿಸಿಹೋಗಿ, ಏನೋ ನಡೆದಿದೆ ಎಂಬ ಗುಲ್ಲು ಮಾತ್ರ ಮೇಲಕ್ಕೆ ಹೋಗುತ್ತದೆ. ದಿನವೂ ಕೇಳುವ ಸದ್ದಿಗೆ ಇಲ್ಲಿಯ ಕೋಶಗಳು ಬೇಗನೆ ಒಗ್ಗಿ ಸುಮ್ಮನಾಗುವುದೂ ಉಂಟು. ರಾತ್ರಿ ಹೆದ್ದಾರಿಯ ಲಾರಿಗಳ ಗರ್ಜನೆಗೆ ಕದಲದ ತಾಯಿಯು ಮಗುವಿನ ಸಣ್ಣ ನರಳಿಕೆಗೆ ದಿಗ್ಗನೆ ಏಳುವುದರಲ್ಲಿ ಈ ಜಾಲದ ಪಾಲಿದೆ. ಆದರೆ ಯಾವ ಸದ್ದು ಮುಖ್ಯವೆಂದು ಅದಕ್ಕೆ ಕಲಿಸಿದ್ದು ಮೇಲಿನ ತೊಗಟೆಯೇ ಎಂಬುದನ್ನು ಮರೆಯಲಾಗದು.

ಜಾಲವು ಏಕರೂಪದ್ದೆಂಬ ಭಾವನೆಯನ್ನು 1964ರಲ್ಲಿ ಸ್ವೀಡನ್ನಿನ ದಾಲ್‌ಸ್ಟ್ರೆಮ್ ಮತ್ತು ಫುಕ್ಸೆ ಸಡಿಲಿಸಿದರು. ಕೋಶಗಳೊಳಗಿನ ರಾಸಾಯನಿಕಗಳನ್ನು ಬೆಳಗುವಂತೆ ಮಾಡಿ, ನಡುಗೆರೆಯ ಕೋಶಗಳಲ್ಲಿ ಸಿರೊಟೊನಿನ್ ಇರುವುದನ್ನೂ, ಪಾನ್ಸಿನ ಹಿಂಬದಿಯ ನೀಲಿ ಛಾಯೆಯ ಪುಟ್ಟ ಚುಕ್ಕೆಯಲ್ಲಿ ನಾರ್‌ಅಡ್ರಿನಲಿನ್ ಇರುವುದನ್ನೂ ತೋರಿಸಿದರು. ಆ ಚುಕ್ಕೆಯಲ್ಲಿರುವುದು ಕೆಲವು ಹತ್ತು ಸಾವಿರ ಕೋಶಗಳು ಮಾತ್ರ. ಅವುಗಳ ತಂತುಗಳಾದರೋ ಮಿದುಳಿನ ಬಹುಪಾಲನ್ನು ಮುಟ್ಟುತ್ತವೆ. ಕನಸಿನ ನಿದ್ರೆಯಲ್ಲಿ ಅವು ಮೌನವಾಗಿರುತ್ತವೆ. ಆಗ ಪಾನ್ಸಿನ ಇನ್ನೊಂದು ಗುಂಪು ಕೆಳಗಿನ ಸ್ನಾಯುಗಳನ್ನೆಲ್ಲ ಸಡಿಲಗೊಳಿಸಿ, ಕನಸಿನ ಓಟ ಹಾಸಿಗೆಯಲ್ಲಿ ಓಟವಾಗದಂತೆ ನೋಡಿಕೊಳ್ಳುತ್ತದೆ. ಫ್ರಾನ್ಸಿನ ಮಿಷೆಲ್ ಜುವೆ ಈ ಗುಂಪನ್ನು ಕೆಡಿಸಿದ ಬೆಕ್ಕುಗಳು ನಿದ್ರೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆ ಎರಗುತ್ತಿದ್ದವು.

ಮೆಡುಲ್ಲದ ಜಾಲದ ಕೆಲಸ ಇನ್ನೂ ಮೂಲಭೂತವಾದುದು. ರಕ್ತದೊತ್ತಡ, ನುಂಗುವಿಕೆ, ವಾಂತಿ, ಕೆಮ್ಮು ಇವೆಲ್ಲ ಅಲ್ಲಿಯವೇ. ಉಸಿರಿನ ಲಯವನ್ನು ಹುಟ್ಟಿಸುವ ಕೋಶಗುಚ್ಛವೂ ಅಲ್ಲಿದೆ. ಅದಕ್ಕೆ ಪ್ರೀಬೋಟ್ಸಿಂಗರ್ ಎಂದು ಹೆಸರು. ಜರ್ಮನಿಯಲ್ಲಿ ಕೂಡಿದ್ದ ಗೋಷ್ಠಿಯೊಂದರ ಊಟದ ಮೇಜಿನ ಮೇಲಿದ್ದ ದ್ರಾಕ್ಷಾರಸದ ಸೀಸೆಯ ಚೀಟಿಯನ್ನು ನೋಡಿ ಜ್ಯಾಕ್ ಫೆಲ್ಡ್‌ಮನ್ ನೆರೆಯ ಗುಚ್ಛಕ್ಕೆ ಇಟ್ಟ ಹೆಸರಿನಿಂದ ಇದು ಬಂದಿತು. ಹುಟ್ಟಿದ ಮಗುವಿನ ಮೊದಲನೆಯ ಉಸಿರಿಗೂ ಆಧಾರವಾದ ಸ್ಥಾನಕ್ಕೆ ಮದ್ಯದ ಹೆಸರು ತಗಲಿಕೊಂಡುದಕ್ಕೆ ನಮ್ಮ ಹಿರಿಯರು ಏನೆನ್ನುತ್ತಿದ್ದರೋ!

ಇಷ್ಟೆಲ್ಲವೂ ಕೆಲವೇ ಸೆಂಟಿಮೀಟರುಗಳಲ್ಲಿ ಇಡಿಕಿರಿದಿರುವುದರಿಂದ, ಏಟು ಎಲ್ಲಿ ಬಿದ್ದಿತೆಂಬುದರ ಮೇಲೆ ಮನುಷ್ಯನ ಗತಿ ನಿರ್ಣಯವಾಗುತ್ತದೆ. ಪಾನ್ಸಿನ ಮುಂಭಾಗದಲ್ಲಿ ಚಲನೆಯ ತಂತುಗಳಿವೆ, ಹಿಂಭಾಗದಲ್ಲಿ ಜಾಲ. ಪ್ಯಾರಿಸಿನ ಪತ್ರಿಕಾ ಸಂಪಾದಕ ಜಾನ್ ದೊಮಿನಿಕ್ ಬೋಬಿಗೆ 1995ರ ಡಿಸೆಂಬರಿನಲ್ಲಿ ಮಿದುಳುಕಾಂಡಕ್ಕೆ ಆಘಾತವಾಗಿ ಮೈಯೆಲ್ಲ ಸ್ತಬ್ಧವಾಯಿತು. ಪ್ರಜ್ಞೆ ಮಾತ್ರ ಕೆಡಲಿಲ್ಲ. ಫ್ರೆಂಚಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರ ಮೊದಲು ಬರುವಂತೆ ಜೋಡಿಸಿದ ವರ್ಣಮಾಲೆಯನ್ನು ಒಬ್ಬರು ಓದುತ್ತಿರಲು, ಬೇಕಾದ ಅಕ್ಷರಕ್ಕೆ ಎಡಗಣ್ಣಿನ ರೆಪ್ಪೆಯನ್ನು ಮಿಟುಕಿಸಿ ಅವನು ಇಡೀ ಪುಸ್ತಕವನ್ನು ಹೇಳಿ ಬರೆಸಿದನು. ಹಿಂಭಾಗದ ಜಾಲ ಹಾಳಾದವನಿಗೆ ಆ ಅವಕಾಶವಿಲ್ಲ. ಅವನು ಅಪ್ರಜ್ಞಾವಸ್ಥೆಗೆ ಜಾರುತ್ತಾನೆ. ತಲೆಗೆ ಪೆಟ್ಟು ಬಿದ್ದವರ ಕಣ್ಣಿಗೆ ವೈದ್ಯರು ಮತ್ತೆ ಮತ್ತೆ ಟಾರ್ಚು ಬಿಡುವುದೂ ಈ ನೆರೆಹೊರೆಯ ಕಾರಣದಿಂದಲೇ: ಪಾಪೆಯನ್ನು ಕಿರಿದಾಗಿಸುವ ನರದ ಮೂಲವು ಮಧ್ಯಮಿದುಳಿನಲ್ಲಿ, ಜಾಲದ ಮಗ್ಗುಲಲ್ಲೇ ಇದೆ, ಬುರುಡೆಯೊಳಗೆ ರಕ್ತ ಕಟ್ಟಿ ಮಿದುಳು ಕೆಳಕ್ಕೆ ಒತ್ತತೊಡಗಿದರೆ ಒಂದು ಪಾಪೆ ಹಿಗ್ಗಿ ಮುನ್ಸೂಚನೆ ಕೊಡುತ್ತದೆ.

ಭಾರತದ ಸಂಸತ್ತು 1994ರಲ್ಲಿ ಅಂಗಾಂಗ ಕಸಿಯ ಕಾಯಿದೆಯನ್ನು ಮಾಡಿದಾಗ, ಮಿದುಳುಕಾಂಡದ ಎಲ್ಲ ವ್ಯಾಪಾರಗಳೂ ಮರಳಿ ಬಾರದಂತೆ ನಿಂತುಹೋಗಿರುವುದನ್ನು ಮರಣವೆಂದು ಅಂಗೀಕರಿಸಿತು. ಹೃದಯಕ್ಕೆ ಬಡಿತದ ಮೂಲ ತನ್ನಲ್ಲಿಯೇ ಇರುವುದರಿಂದ, ಯಂತ್ರವು ಉಸಿರಾಡಿಸುತ್ತಿರುವವರೆಗೆ ಅದು ಬಡಿಯುತ್ತಲೇ ಇರಬಹುದು. ಬಂಧುಗಳಿಗೆ ನಂಬಲು ಕಷ್ಟವಾಗುವುದೂ ಇದೇ. ನಾಲ್ವರು ವೈದ್ಯರ ಮಂಡಲಿಯು ಪಾಪೆಗೆ ಬೆಳಕು, ಕಣ್ಣಗುಡ್ಡೆಗೆ ಹತ್ತಿಯ ಎಳೆ, ಕಿವಿಗೆ ತಣ್ಣೀರು, ಗಂಟಲಿಗೆ ನಳಿಕೆ ಎಂದು ಮಧ್ಯಮಿದುಳಿನಿಂದ ಮೆಡುಲ್ಲದವರೆಗೆ ಒಂದೊಂದೇ ಪ್ರತಿಕ್ರಿಯೆಯನ್ನು ಪರೀಕ್ಷಿಸುತ್ತದೆ. ಕಡೆಯದು ಉಸಿರಿನ ಪರೀಕ್ಷೆ: ಆಮ್ಲಜನಕವನ್ನು ಮಾತ್ರ ಹರಿಯಬಿಟ್ಟು ಯಂತ್ರವನ್ನು ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡು ಉಸಿರನ್ನು ಕೆರಳಿಸತಕ್ಕ ಮಟ್ಟಕ್ಕೆ ಏರಿದರೂ ಎದೆ ಅಲುಗುವುದೋ ಇಲ್ಲವೋ ನೋಡಬೇಕು. ಕನಿಷ್ಠ 6 ಗಂಟೆಗಳ ತರುವಾಯ ಎಲ್ಲವನ್ನೂ ಮೊದಲಿನಿಂದ ಮತ್ತೊಮ್ಮೆ ಮಾಡಿ, ಎರಡು ಸಲವೂ ಉತ್ತರ ಒಂದೇ ಆಗಿದ್ದರೆ ಮಾತ್ರ ನಾಲ್ವರೂ ಸಹಿ ಹಾಕುತ್ತಾರೆ.