ಕೈಸೋತವರ ಕಾರಿಗೂ ವಿಮೆಯುಂಟು

ವ್ಯಾಪಾರವೆಂದ ಮೇಲೆ ಏಳುಬೀಳು ತಪ್ಪಿದ್ದಲ್ಲ. ಸೊಲ್ಲಾಪುರದಲ್ಲಿ ಮಗ್ಗ ಹೂಡಿ ಸೋತವರುಂಟು. ಆದವಾನಿಯಲ್ಲಿ ಹತ್ತಿಯ ಧಾರಣೆ ಕುಸಿದು ಕೈ ಸುಟ್ಟುಕೊಂಡವರುಂಟು. ನ್ಯಾಯಾಲಯದಲ್ಲಿ ದಿವಾಳಿಯೆಂದು ಘೋಷಿತವಾದ ಗೃಹಸ್ಥನೂ ಕೆಲವು ವರ್ಷಗಳಲ್ಲಿ ಚೇತರಿಸಿಕೊಂಡು, ಮನೆಯ ಅನುಕೂಲಕ್ಕಾಗಿ ಹಳೆಯ ಕಾರೊಂದನ್ನು ಕೊಳ್ಳಲು ಹೊರಡುವುದುಂಟು. ಆಗ ಮೊದಲು ಏಳುವ ಅಳುಕು ಇದು: ‘ನಮ್ಮಂಥವರಿಗೆ ವಿಮೆಯನ್ನು ಯಾರು ಕೊಟ್ಟಾರು? ಕೊಟ್ಟರೂ ಇಮ್ಮಡಿ ಹಣ ಕೇಳರೆ?’ ಈ ಅಳುಕು ಎಷ್ಟು ನಿಜ, ಎಚ್ಚರ ಬೇಕಾದದ್ದು ಎಲ್ಲಿ ಎಂಬುದನ್ನು ವಿಚಾರಿಸೋಣ.

ವಿಮೆ ಸಾಲವಲ್ಲ

ಪರದೇಶದ ಬಂಧುಗಳ ಮಾತು ಕೇಳಿ ಈ ಭಯ ಹುಟ್ಟಿರಲೂ ಸಾಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ ಸಾಲ ತೀರಿಸಿದ ಚರಿತ್ರೆಯನ್ನು ನೋಡಿ ಕಾರು ವಿಮೆಯ ದರವನ್ನು ಗೊತ್ತುಮಾಡುವ ರೂಢಿಯಿದೆ; ಕ್ಯಾಲಿಫೋರ್ನಿಯ, ಮ್ಯಾಸಚೂಸೆಟ್ಸ್, ಹವಾಯಿಗಳಲ್ಲಿ ಅದಕ್ಕೆ ಅವಕಾಶವಿಲ್ಲ. ನಮ್ಮ ದೇಶದ ಪದ್ಧತಿಯೇ ಬೇರೆ. ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯ ದರವನ್ನು ಸರಕಾರವೇ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ, ತೆರಿಗೆ ಬಿಟ್ಟು, 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿ.ಸಿ.ವರೆಗೆ 3,416 ರೂಪಾಯಿ. ಆ ಪಟ್ಟಿಯಲ್ಲಿ ಸಿರಿವಂತನಿಗೊಂದು, ದಿವಾಳಿಯಾದವನಿಗೊಂದು ಎಂಬ ಭೇದವಿಲ್ಲ.

ಇದಕ್ಕೆ ಕಾರಣವೂ ಸ್ಪಷ್ಟ. 1938ರ ವಿಮಾ ಕಾಯ್ದೆಯಂತೆ ಪ್ರೀಮಿಯಂ ಮುಂಗಡವಾಗಿ ಸಂದಾಯವಾಗದೆ ಕಂಪನಿಯ ಹೊಣೆ ಆರಂಭವಾಗದು. ಕಂಪನಿ ನಮಗೆ ಸಾಲ ಕೊಡುವುದಿಲ್ಲ; ನಾವೇ ಮೊದಲು ಹಣ ಕೊಡುತ್ತೇವೆ. ಆದುದರಿಂದ ಅದಕ್ಕೆ ಬೇಕಾದದ್ದು ನಮ್ಮ ಹಳೆಯ ಲೆಕ್ಕವಲ್ಲ, ಈ ಹೊತ್ತಿನ ಹಣ. ಚೆಕ್ಕು ಮರಳಿತೆಂದರೆ ಮಾತ್ರ ಪಾಲಿಸಿ ರದ್ದಾದೀತು. ಖಾತೆಯಲ್ಲಿ ಹಣವಿದೆಯೆಂದು ಖಚಿತಪಡಿಸಿಕೊಂಡೇ ಚೆಕ್ಕು ಬರೆಯಬೇಕು.

ಎಚ್ಚರ ಬೇಕಾದ ಎಡೆಗಳು

ನಿಜವಾದ ತೊಡಕಿರುವುದು ವಿಮೆಯಲ್ಲಲ್ಲ, ಕಾರನ್ನು ಕೊಳ್ಳುವುದರಲ್ಲಿ. ನಾಡಿನ ಬಹುತೇಕ ಜಿಲ್ಲೆಗಳಲ್ಲಿ ವ್ಯಕ್ತಿಗಳ ದಿವಾಳಿಗೆ ಅನ್ವಯಿಸುತ್ತ ಬಂದಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಬಿಡುಗಡೆಯ ಆದೇಶ ದೊರೆಯುವ ಮುನ್ನ ಸಂಪಾದಿಸಿದ ಆಸ್ತಿಯೂ ನ್ಯಾಯಾಲಯದ ಅಥವಾ ರಿಸೀವರರ ವಶಕ್ಕೆ ಸೇರುತ್ತದೆಂದು ಅದು ಹೇಳುತ್ತದೆ. ಬಿಡುಗಡೆಯಾಗದವನು ತನ್ನ ಸ್ಥಿತಿಯನ್ನು ಮರೆಮಾಚಿ 50 ರೂಪಾಯಿ ಅಥವಾ ಅದಕ್ಕೆ ಮೀರಿದ ಸಾಲ ಪಡೆದರೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಆದುದರಿಂದ ಬಿಡುಗಡೆಯ ಆದೇಶದ ಪ್ರತಿಯನ್ನು ಕೈಯಲ್ಲಿಟ್ಟುಕೊಂಡೇ ಕಾರಿನ ಮಾತೆತ್ತುವುದು ಲೇಸು.

ಹಳೆಯ ಕಾರು ಉಳಿದುಕೊಂಡಿದ್ದು ಅದರ ಸಾಲ ತೀರಿದ್ದರೆ, ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರವನ್ನೂ ಫಾರಂ 35ನ್ನೂ ಪಡೆದು ಆರ್.ಸಿ. ಮತ್ತು ಪಾಲಿಸಿ ಎರಡರಿಂದಲೂ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ಇಲ್ಲವಾದರೆ ಪರಿಹಾರದ ಹಣ ನಮ್ಮ ಕೈಸೇರುವಾಗ ತಡೆಯುಂಟಾದೀತು.

ಸಾಲಕ್ಕಾಗಿ ಕಾರನ್ನೇ ಮಾರಬೇಕಾಗಿ ಬಂದವರು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಪರಿಹಾರ ಕೇಳದೆ ಕಳೆದ ವರ್ಷಗಳಿಗಾಗಿ ಸಿಗುವ ನೋ ಕ್ಲೇಮ್ ಬೋನಸ್ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಪ್ರೀಮಿಯಂನಲ್ಲಿ ಶೇಕಡ 20ರಿಂದ 50ರವರೆಗೆ ರಿಯಾಯಿತಿ ಕೊಡುತ್ತದೆ. ಅದು ಕಾರಿನ ಸೊತ್ತಲ್ಲ, ಮಾಲೀಕನ ಸೊತ್ತು. ಕಾರು ಮಾರಿದಾಗ ಕಂಪನಿಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷಗಳೊಳಗೆ ಮತ್ತೊಂದು ಕಾರಿಗೆ ಬಳಸಿಕೊಳ್ಳಬಹುದು. ಕಾರು ಮನೆಯಲ್ಲೇ ಇದ್ದು ಪಾಲಿಸಿಯನ್ನು 90 ದಿನಗಳೊಳಗೆ ನವೀಕರಿಸದಿದ್ದರೆ ಮಾತ್ರ ಈ ಗಳಿಕೆ ಕೈಬಿಟ್ಟು ಹೋಗುತ್ತದೆ.

ಇನ್ನೊಬ್ಬರ ಕಾರನ್ನು ಕೊಂಡವರು 14 ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಗಡಿಯಾಚೆಯ ನಮ್ಮ ಮನೆಗಳಲ್ಲಿ ಒಂದೇ ಹೆಸರು ಒಂದು ದಾಖಲೆಯಲ್ಲಿ ಕನ್ನಡದ ಉಚ್ಚಾರದಂತೆಯೂ ಇನ್ನೊಂದರಲ್ಲಿ ಮರಾಠಿಯದೋ ಮಲಯಾಳದದೋ ರೂಢಿಯಂತೆಯೂ ಇರುವುದುಂಟು. ಆರ್.ಸಿ., ಲೈಸೆನ್ಸು, ಪಾಲಿಸಿಗಳಲ್ಲಿ ಹೆಸರು ಒಂದೇ ಬಗೆಯಲ್ಲಿರುವಂತೆ ನೋಡಿಕೊಳ್ಳಬೇಕು.

ಎರಡನೆಯ ಸಲ ಬೀಳದಂತೆ

ಕೈ ಬಿಗಿಯಿರುವಾಗ ಈ ವರ್ಷ ವಿಮೆ ಬೇಡವೆಂದು ಮುಂದೂಡುವ ಮನಸ್ಸಾಗುವುದು ಸಹಜ. ಕುಟುಂಬವನ್ನು ಮತ್ತೆ ಬೀಳಿಸುವುದು ಅದೇ. ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದು ಕಾನೂನು ಹೇಳುತ್ತದೆ. ದಂಡವನ್ನಾದರೂ ತೆತ್ತೇವು, ದಾರಿಹೋಕನೊಬ್ಬ ನಮ್ಮ ಕಾರಿಗೆ ಸಿಕ್ಕಿ ಸತ್ತರೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ತೆರುವ ಬಗೆ ಹೇಗೆ? ಅದು ಲಕ್ಷಗಟ್ಟಲೆಯಾಗಬಹುದು, ಅದನ್ನು ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಯ ಮೂಲಕ ವಸೂಲು ಮಾಡಲು ಅವಕಾಶವಿದೆ. ಹಳೆಯ ಸಾಲಕ್ಕೆ ದೊರೆತ ಬಿಡುಗಡೆ ಈ ಹೊಸ ಹೊಣೆಯಿಂದ ಕಾಪಾಡದು.

ಥರ್ಡ್ ಪಾರ್ಟಿ ವಿಮೆಯಿದ್ದರೆ ಸಾವು, ಗಾಯಗಳ ಪರಿಹಾರಕ್ಕೆ ಗರಿಷ್ಠ ಮಿತಿಯಿಲ್ಲದೆ ಕಂಪನಿ ಹೊಣೆ ಹೊರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇನ್ನೊಂದು ನ್ಯಾಯವಾದ ಏರ್ಪಾಡೂ ಉಂಟು: ವಿಮೆ ಮಾಡಿಸಿದವನು ದಿವಾಳಿಯಾದರೆ ಕಂಪನಿಯ ಮೇಲೆ ಅವನಿಗಿರುವ ಹಕ್ಕು ನೊಂದವರಿಗೆ ಸಲ್ಲುತ್ತದೆ, ಸಾಲಗಾರರ ಜಗಳದಲ್ಲಿ ಅನಾಥ ಮಕ್ಕಳ ಪಾಲು ಕರಗಿಹೋಗುವುದಿಲ್ಲ.

ಆದುದರಿಂದ ಹಣ ಸಾಲದವರಿಗೆ ನಮ್ಮ ಸೂಚನೆ ಇಷ್ಟೆ. ಬೆಲೆ ಇಳಿದ ಹಳೆಯ ಕಾರಾದರೆ ಸ್ವಂತ ಹಾನಿಯ ವಿಮೆಯನ್ನು ಬಿಟ್ಟರೂ ಸರಿಯೆ, ಥರ್ಡ್ ಪಾರ್ಟಿ ವಿಮೆಯನ್ನು ಒಂದು ದಿನವೂ ತಪ್ಪಿಸಕೂಡದು. ಅದರೊಡನೆ ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಇರಲಿ. ಒಮ್ಮೆ ಎಲ್ಲವನ್ನೂ ಕಳೆದುಕೊಂಡು ಎದ್ದು ನಿಂತ ಮನೆಗೆ ದುಡಿಯುವ ಆ ಒಂದು ಜೀವವೇ ದೊಡ್ಡ ಆಸ್ತಿ.